ತಿಮಿಂಗಿಲಕ್ಕ ಕಾಲು ಹತ್ತಿದಾಗ

ಅಷ್ಟು ದೊಡ್ಡ ಮ್ಯೂಸಿಯಂ ನಾನೂ ನೋಡಿದ್ದಿಲ್ಲ. ಹೂಲಿ ಊರಿನ ಸಾಲಿಯಾಗ ನಾ ಕಲಿಸೋ ಎರಡನೇ ಕ್ಲಾಸಿನ ಮಕ್ಕಳನ್ನ ಕರಕೊಂಡು ಹೋಗಿದ್ದೆ. ದಾರಿಗುಂಟ ಗದ್ದಲಾ ಮಾಡಿದ ಹುಡುಗರು ಒಳಗ ಕಾಲಿಟ್ಟಿದ್ದ ತಡ, ಗಪ್ ಆದ್ರು. ಎದುರಿಗೆ ತಿಮಿಂಗಿಲದ ಎಲುಬಿನ ಹಂದರ, ನಮ್ಮ ಸಾಲಿ ಪಡಸಾಲಿಗಿಂತ ಉದ್ದ!

ಬಾಯಿ ತಕ್ಕೊಂಡು ನೋಡಕೋತ ಹಿಂದ ಸರಿದ ನಮ್ಮ ಕ್ಲಾಸಿನ ಹುಡುಗಿ ಗಂಗವ್ವನ ಕಾಲು ಬಾಲದ ಎಲುಬಿಗೆ ಹತ್ತಿತು. ಆಕಿ ತಟ್ಟನೆ ಬಗ್ಗಿ, ಎಲುಬು ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡ್ಲು. ಕಾವಲುಗಾರ ಸೀಟಿ ಊದಕೋತ ಓಡಿ ಬಂದ.

"ಮುಟ್ಟಬಾರದು ಅಂತ ಬೋರ್ಡ್ ಇದೆ, ಕಾಣಿಸಲ್ವಾ ಮೇಡಂ? ಇನ್ನೊಂದ್ಸಲ ಮುಟ್ಟಿದ್ರೆ ಎಲ್ಲರನ್ನೂ ಹೊರಗೆ ಕಳಿಸ್ತೀನಿ."

ನಾ ಬಾಯಿ ತೆರೆಯೋದರಾಗ ಗಂಗವ್ವನೇ ಅಂದ್ಲು, "ಕಾಲು ಹತ್ತಿತ್ರಿ ಕಾಕಾ. ನಮಸ್ಕಾರ ಮಾಡದ ಹೆಂಗ ಹೋಗೂದ್ರಿ?"

"ಅದು ಸತ್ತು ಎಷ್ಟೋ ಕಾಲ ಆಯ್ತಮ್ಮ."

"ಸತ್ತರೇನಾತ್ರಿ? ನಮಗಿಂತ ದೊಡ್ಡದೈತಲ್ರಿ."

ಆತ ಸೀಟಿ ಕಿಸೆದಾಗ ಇಟ್ಕೊಂಡ. ನನಗಂತೂ ತಿಮಿಂಗಿಲ ಬಿಟ್ಟು ಈ ಹುಡುಗಿನ್ನ ನೋಡಕೋತ ನಿಲ್ಲಬೇಕು ಅನ್ನಿಸ್ತು. ಆದರ ಆತನ ಮುಂದ ಹಂಗ ನಿಲ್ಲೂದು ಬ್ಯಾಡಂತ, "ಕೈ ಕಟ್ಟಿ ನಡೀರಿ" ಅಂದು ಮಕ್ಕಳನ್ನ ಮುಂದ ಕಳಿಸಿದೆ.

ಬಾಗಲದಾಗ ತಿರುಗಿ ನೋಡಿದೆ. ಹಿಂದಿನ ಗುಂಪಿಗೆ ದಾರಿ ಬಿಡಾಕ ಸರಿದ ಕಾವಲುಗಾರನ ಬೂಟು ಅದೇ ಎಲುಬಿಗೆ ಬಡೀತು. ಆತ ಅತ್ತಿತ್ತ ನೋಡಿದ. ಸಟ್ಟನೆ ಬಗ್ಗಿ ಎಲುಬು ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡ.

ನನ್ನ ಡ್ರಿಲ್ ಸೀಟಿ ಸಾಲಿಯಾಗ ಉಳದಿತ್ತು. ಅವನ ಪುಣ್ಯ.