ಹೊಟ್ಟಿಗೆ ತಗೋರಿ

ಖಾನಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಔಷಧದ ಅಂಗಡಿ ಇಟ್ಟಿರುವ ಸುಹಾಸಿನಿಗೆ ಲೋಕದಲ್ಲಿ ಎರಡೇ ಜಾತಿಯ ಜನ: ಔಷಧಶಾಸ್ತ್ರ ಓದಿದವರು ಮತ್ತು ಉಳಿದವರು. ಉಳಿದವರ ಪೈಕಿ ಗಂಡ ಸುಯೋಗನೂ ಬಂದ, ಅಂಗಡಿ ಹಾಕಿಕೊಟ್ಟ ತಂದೆ ಪಾರೀಸಪ್ಪನೂ ಬಂದ. ಬೆಳಗಾವಿಯ ಮಹಾಂತೇಶ ನಗರದ ಮನೆಯಿಂದ ದಿನವೂ ಬಸ್ಸು ಹಿಡಿದು ಬಂದು, ಶೆಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಕನ್ನಡಕ ಏರಿಸಿ ಕುಳಿತಳೆಂದರೆ, ತಾಲೂಕಿನ ದಡ್ಡತನವೆಲ್ಲ ಸಂಜೆಯವರೆಗೆ ತನ್ನ ಕೌಂಟರಿನ ಮುಂದೆಯೇ ಸಾಲು ಹಚ್ಚುತ್ತದೆ ಎಂಬುದು ಆಕೆಯ ದೂರು.

ದೂರು ಪೂರ್ತಿ ಸುಳ್ಳೇನಲ್ಲ ಅನ್ನಿ. ಕಣಕುಂಬಿ ಕಡೆಯ ಒಬ್ಬ ದಮ್ಮಿನ ರೋಗಿ, ಯಂತ್ರದೊಳಗಿಟ್ಟು ಉಸಿರಿನಿಂದ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ಚಹಾದ ಜೊತೆ ನುಂಗಿ, ಈ ಪ್ಲಾಸ್ಟಿಕ್ ಸಾಮಾನು ಯಾಕೆ ಕಟ್ಟಿದಿರಿ ಎಂದು ಯಂತ್ರವನ್ನು ವಾಪಸ್ ತಂದಿದ್ದ. ಇನ್ನೊಬ್ಬ ಸೊಂಟನೋವಿನ ಪಟ್ಟಿಯನ್ನು ಬನಿಯನ್ ಮೇಲೆ ಅಂಟಿಸಿಕೊಂಡು, ಗುಣ ಬರಲಿಲ್ಲವೆಂದು ಜಗಳಕ್ಕೆ ನಿಂತಿದ್ದ. ಎದೆನೋವು ಬಂದಾಗ ನಾಲಿಗೆಯ ಕೆಳಗಿಟ್ಟರೆ ಸೀದಾ ರಕ್ತಕ್ಕೆ ಸೇರುವ ಗುಳಿಗೆಯನ್ನು ಒಂದು ತಂಬಿಗೆ ನೀರು ಕುಡಿದು ಹೊಟ್ಟೆಗೆ ಇಳಿಸಿ, ಅದು ಅಲ್ಲಿಂದ ಸುತ್ತು ಹಾಕಿ ಬರಲಿ ಎಂದು ಕಾಯುವ ಮಹಾನುಭಾವರಿಗಂತೂ ಲೆಕ್ಕವಿಲ್ಲ. ಇವರ ಕಥೆಗಳನ್ನು ಸುಹಾಸಿನಿ ಮಹಾಂತೇಶ ನಗರದ ಹೆಂಗಸರು ತಿಂಗಳಿಗೊಮ್ಮೆ ಚೀಟಿ ಹಣ ಹಾಕಲು ಸೇರುವ ಭಿಶಿ ಕೂಟದಲ್ಲಿ ನಟನೆ ಸಮೇತ ಹೇಳಿ ನಗಿಸುತ್ತಿದ್ದಳು.

ಆದರೆ ಆಕೆಗೆ ನಿಜವಾಗಿ ಮೈ ಉರಿಯುತ್ತಿದ್ದುದು ಸೂಜಿಯ ಭಕ್ತರನ್ನು ಕಂಡರೆ. ನೆಗಡಿಗೂ ಸೂಜಿ, ತಲೆನೋವಿಗೂ ಸೂಜಿ, ನಾಟಿ ಮುಗಿಸಿ ಮೈಕೈ ನೊಂದರೆ ಸಲಾಯಿನ್. ಗುಳಿಗೆ ಬರೆದುಕೊಟ್ಟ ಡಾಕ್ಟರನನ್ನು ಡಾಕ್ಟರನೇ ಅಲ್ಲ ಅನ್ನುವ ಜನ. “ಗುಳಗಿ ಬ್ಯಾಡ್ರಿ, ಸೂಜಿ ಕೊಡ್ರಿ” ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಆಕೆಯ ಪ್ರವಚನ ಶುರುವಾಗುತ್ತಿತ್ತು.

“ಸೂಜಿ ಅಂದ್ರ ಪ್ರಸಾದ ಅನ್ಕೊಂಡೀರೇನು? ಒಮ್ಮಿ ರಕ್ತದಾಗ ಕೂಡ್ತಂದ್ರ ತಿರುಗಿ ತಗ್ಯಾಕ ಬರೂದಿಲ್ಲ. ಮೈಗೆ ಒಗ್ಗಲಿಲ್ಲಂದ್ರ ಅಲ್ಲೇ ಕಥಿ ಖಲಾಸ್. ಸ್ವಚ್ಛ ಇಲ್ಲಂದ್ರ ಚುಚ್ಚಿದಲ್ಲೇ ಕೀವು. ಬಾಯಿಲೆ ತಗೊಂಡ್ರ ಏನ್ ಧಾಡಿ ನಿಮಗ? ಮನ್ಯಾಗ ಕುಂತು ತಗೋಬಹುದು, ನೋವಿಲ್ಲ, ಯಾರ ಹಂಗೂ ಇಲ್ಲ.”

ಹೇಳಿದ್ದೆಲ್ಲ ಖರೆ. ಬಾಯಿಯ ದಾರಿಗೂ ಅವಗುಣಗಳಿವೆ ಎಂಬುದನ್ನು ಮಾತ್ರ ಆಕೆ ಯಾರಿಗೂ ಹೇಳುತ್ತಿರಲಿಲ್ಲ. ಆ ದಾರಿ ನಿಧಾನ. ಎಚ್ಚರ ತಪ್ಪಿದವನಿಗೆ, ವಾಂತಿ ಮಾಡುವವನಿಗೆ ನಡೆಯುವುದಿಲ್ಲ. ಕೆಲವು ಔಷಧಿಗಳನ್ನು ಹೊಟ್ಟೆಯ ಆಮ್ಲ ಅನ್ನದ ಹಾಗೆ ಜೀರ್ಣ ಮಾಡಿ ಮುಗಿಸುತ್ತದೆ. ಇಷ್ಟನ್ನೂ ಈ ಮಂದಿಗೆ ತಿಳಿಸಲು ಹೋದರೆ ಇದ್ದ ಬುದ್ಧಿಯೂ ಕಲಸಿಹೋಗುತ್ತದೆ ಎಂದು ಆಕೆಯ ಲೆಕ್ಕಾಚಾರ.

ಸುಹಾಸಿನಿಯನ್ನು ಮರ್ಯಾದೆಯಿಂದ ‘ಬಾಯಾರ’ ಎಂದು ಕರೆಯುವ ಹಲಸಿಯ ಸಾವಂತ್ರವ್ವ ಈ ಪ್ರವಚನವನ್ನು ಕಂಬಕ್ಕೊರಗಿ ನಿಂತು ಮನಸ್ಸಿಟ್ಟು ಕೇಳುತ್ತಿದ್ದ ಒಬ್ಬಳೇ ಗಿರಾಕಿ. ಕುರಿ ಕಾಯ್ದು ಬೆಳೆದ ಹೆಂಗಸು, ವಯಸ್ಸಾದ ಮೇಲೆ ಸಕ್ಕರೆ ಕಾಯಿಲೆ ಗಂಟುಬಿದ್ದಿತ್ತು. ಈ ಮಳೆಗಾಲದಲ್ಲಿ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎದ್ದ ಹುಣ್ಣು ಮಾಯಲೇ ಇಲ್ಲ. ಬೆಳಗಾವಿಯ ಡಾಕ್ಟರು ನೋಡಿ, ಸಕ್ಕರೆ ಇಳಿಯದಿದ್ದರೆ ಪಾದ ಉಳಿಯುವುದಿಲ್ಲ, ಇನ್ನು ಗುಳಿಗೆಯಿಂದ ಆಗುವುದಿಲ್ಲ ಎಂದು ಇನ್ಸುಲಿನ್ ಬರೆದರು. ಹೇಗೆ ತೆಗೆದುಕೊಳ್ಳಬೇಕೆಂದು ಕೇಳಿದ್ದಕ್ಕೆ ಅಲ್ಲಿಯ ನರ್ಸು, ನಿಮ್ಮ ಮೆಡಿಕಲ್ಲಿನಲ್ಲಿ ಹೇಳುತ್ತಾರೆ ಹೋಗಿರಿ ಎಂದಳು.

ಮೆಡಿಕಲ್ಲಿನಲ್ಲಿ ಸಂತೆಯ ದಿನದ ಗದ್ದಲ. ಸುಹಾಸಿನಿಯ ಕಿವಿಯಲ್ಲಿ ಫೋನು. ಚೀಟಿಯ ಮೇಲೆ, ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಬೇಕು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ, ಬಾಟಲಿಯನ್ನೂ ಸಿರಿಂಜುಗಳನ್ನೂ ಕೌಂಟರಿನ ಮೇಲೆ ಒಗೆದಳು.

“ಮುಂಜಾನಿ ಸಂಜಿಕ ಊಟಕ್ಕ ಮೊದಲ ಹೊಟ್ಟಿಗೆ ತಗೋ. ಈ ಗೀಟಿನ ಮಟ ಎಳೀಬೇಕು, ಹೆಚ್ಚು ಕಡಿಮಿ ಆಗಬಾರದು.”

“ಹೊಟ್ಟಿಗೇನ್ರೀ ಬಾಯಾರ?”

“ಹೊಟ್ಟಿಗೇ! ಕನ್ನಡ ತಿಳೀವಲ್ದೇನು? ಮರಾಠಿಲೆ ಹೇಳ್ಲೇನು? ಪೋಟಾತ್ ಘ್ಯಾ! ಸರಿ ಬಾಜೂಕ, ಹಿಂದ ಮಂದಿ ನಿಂತೈತಿ.”

ಸಾವಂತ್ರವ್ವ ಬಾಜೂಕ ಸರಿದಳು.

ಬಾಟಲಿ ಮುಗಿದು ಮತ್ತೆ ಬಂದಾಗ ಆಕೆ ನಡೆದು ಬರಲಿಲ್ಲ. ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ ಬಾಳೇಶ ರಜೆ ಹಾಕಿ, ರಿಕ್ಷಾದಿಂದ ಎತ್ತಿಳಿಸಿ ಕರೆತಂದ. ಹೆಬ್ಬೆರಳು ಕಪ್ಪಾಗಿತ್ತು. ಸಕ್ಕರೆ ಮೊದಲಿಗಿಂತ ಏರಿತ್ತು. ರಿಪೋರ್ಟು ನೋಡಿದ ಸುಹಾಸಿನಿ ಹಣೆ ಚಚ್ಚಿಕೊಂಡಳು.

“ಬೆಲ್ಲದ ಚಹಾ ಕುಡೀತಿರಬೇಕು ನೀ! ಇಲ್ಲಂದ್ರ ಇನ್ಸುಲಿನ್ ತಗೊಂಡೂ ಹಿಂಗ ಏರತೈತೇನ್ ಬೇ? ಹೆಂಗ ತಗೋತಿ? ತೋರ್ಸು ನೋಡೋಣು.”

ಸಾವಂತ್ರವ್ವ ತೋರಿಸಿದಳು. ಬಾಟಲಿಗೆ ಸೂಜಿ ಚುಚ್ಚಿ ಗೀಟಿನವರೆಗೆ ಎಳೆಯುವುದನ್ನು, ಗಾಳಿಯಲ್ಲೇ, ಬಹಳ ಜೋಪಾನವಾಗಿ ಮಾಡಿದಳು. ಆಮೇಲೆ ಅದನ್ನು ಇಲ್ಲದ ಚಮಚೆಯೊಳಗೆ ಹಿಂಡಿ, ಚಮಚೆಯನ್ನು ಬಾಯಿಗೆ ಒಯ್ದಳು.

“ಫಿನಾಯಿಲ್ ನಾತ ಬರತೈತ್ರಿ. ಅದಕ್ಕ ಒಂದೀಟು ಮಜ್ಜಿಗಿ ಕೂಡ್ಸತೀನಿ.”

ಅಂಗಡಿಯಲ್ಲಿದ್ದವರು ಒಮ್ಮೆಲೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಹಾಸಿನಿ. ಭಿಶಿ ಕೂಟಕ್ಕೆ ಇಂಥ ಸರಕು ಹಿಂದೆಂದೂ ಸಿಕ್ಕಿರಲಿಲ್ಲ.

“ಇನ್ಸುಲಿನ್ ಕುಡದಾಳ! ಮಜ್ಜಿಗಿ ಕೂಡ್ಸಿ! ಯವ್ವಾ, ಇಂಥಾ ಮಂದಿನ್ನ ಆ ಜಿನದೇವನ ಕಾಯಬೇಕು. ಅದು ಹೊಟ್ಯಾಗ ಹೋದ್ರ ಅನ್ನದಂಗ ಅರಗಿ ಹೋಗತೈತಿ ಬೇ!”

ಬಾಳೇಶ ನಗಲಿಲ್ಲ. “ಹೊಟ್ಟಿಗೆ ತಗೋ ಅಂದಾವ್ರ್ಯಾರ್ರಿ?” ಎಂದ. “ಕೆಮ್ಮಿನ ಔಷಧಿ ಕೊಡುವಾಗೂ ಹೊಟ್ಟಿಗೆ ಅಂತೀರಿ. ಜಂತಿನ ಗುಳಗಿಗೂ ಹೊಟ್ಟಿಗೆ ಅಂತೀರಿ. ಇದಕ್ಕೂ ಹೊಟ್ಟಿಗೆ ಅಂದ್ರಿ. ನಮ್ಮವ್ವ ಏನ್ ತಿಳ್ಕೋಬೇಕಿತ್ತು?”

ಸುಹಾಸಿನಿಯ ನಗು ಅಲ್ಲಿಗೆ ನಿಂತಿತು. ಆ ಮಾತಿಗೆ ಈ ಸೀಮೆಯಲ್ಲಿ ಕುಡಿ, ನುಂಗು ಎಂಬುದಕ್ಕಿಂತ ಬೇರೆ ಅರ್ಥವೇ ಇಲ್ಲ. ಮರಾಠಿಯಲ್ಲೂ ಅದೇ ಅರ್ಥ. ಒಂದು ಭಾಷೆಯಲ್ಲಿ ತಪ್ಪು ಹೇಳಿದ್ದು ಸಾಲದೆಂದು ಎರಡರಲ್ಲಿ ಹೇಳಿದ್ದಳು, ಅದೂ ಗದರಿಸಿ.

“ಸುಮ್ನಿರೊ ಬಾಳ್ಯಾ,” ಎಂದಳು ಸಾವಂತ್ರವ್ವ. “ಬಾಯಾರು ಮೊದ್ಲಿಂದ ಹೇಳಾಕತ್ತಾರ, ಸೂಜಿ ಕೆಟ್ಟ, ಬಾಯಿಲೆ ತಗೋಬೇಕು ಅಂತ. ನನಗ ಅದ ತಲ್ಯಾಗ ಕುಂತಿತ್ತು. ನಾನ ತಿಳಗೇಡಿ.”

ಎಷ್ಟು ಸಲ ಹೇಳಿದರೂ ಈ ಜನ ಕೇಳುವುದಿಲ್ಲ ಎಂದು ಹಗಲೆಲ್ಲ ಒದರುತ್ತಿದ್ದವಳ ಮಾತನ್ನು ಒಬ್ಬಳು ಕೇಳಿದ್ದಳು. ಕೇಳಿದ್ದಕ್ಕೆ ಕಾಲು ಹೋಗುವುದರಲ್ಲಿತ್ತು. ಸುಹಾಸಿನಿ ಗಿರಾಕಿಗಳನ್ನು ಹೊರಗೆ ಕಳಿಸಿದಳು. ಶೆಟರ್ ಎಳೆದು, ಅದೇ ರಿಕ್ಷಾದಲ್ಲಿ ಅವರ ಜೊತೆ ಬೆಳಗಾವಿಗೆ ಹೊರಟಳು.

ಆಸ್ಪತ್ರೆಯಲ್ಲಿ ಸಮೃದ್ಧಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಕಾಲು ಒತ್ತಿ ನೋಡಿ, ತಡವಾಯಿತು, ನಾಳೆಯೇ ಅರ್ಧ ಪಾದ ತೆಗೆಯಬೇಕು ಎಂದಳು. ಇನ್ಸುಲಿನ್ ಕುಡಿದ ಸಂಗತಿ ಕೇಳಿ ಸುಹಾಸಿನಿಯ ಕಡೆ ತಿರುಗಿ, ನಾವಿಬ್ಬರೂ ಒಂದೇ ಜಾತಿಯವರು ಎಂಬಂತೆ ನಕ್ಕಳು.

“ಹಳ್ಳಿ ಮಂದಿ ನೋಡ್ರಿ ಮೇಡಂ. ಎಷ್ಟ ಬಡಕೊಂಡ್ರೂ ಅಷ್ಟ.”

ಆ ನಗು ಎಷ್ಟು ಹೊಲಸಾಗಿರುತ್ತದೆ ಎಂದು ಸುಹಾಸಿನಿಗೆ ಎದುರು ನಿಂತು ನೋಡಿದಾಗ ಗೊತ್ತಾಯಿತು.

“ಅಕಿ ತಪ್ಪು ತಿಳ್ಕೊಂಡಿಲ್ರಿ. ಹೊಟ್ಟಿಗೆ ತಗೋ ಅಂದಾಕಿ ನಾನು. ಅಂದಂಗ ತಗೊಂಡಾಳ.”

ಡಾಕ್ಟರು ಮುಂದಿನ ಮಂಚಕ್ಕೆ ಹೋದಳು. ಬಾಳೇಶ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಸಾವಂತ್ರವ್ವ ಮಾತ್ರ ಮೊಳಕೈ ಊರಿ ಸ್ವಲ್ಪ ಎದ್ದು, ಸುಹಾಸಿನಿಯ ಸೆರಗು ಹಿಡಿದಳು.

“ಬಾಯಾರ, ನಾಳಿ ನೋವ ಗೊತ್ತಾಗಬಾರದಂತ ಬೆನ್ನಿಗೆ ಔಷಧ ಕೊಡ್ತಾರಂತ. ಬೆನ್ನಿಗಂದ್ರ ಹಚ್ಚತಾರೋ, ಚುಚ್ಚತಾರೋ? ಎಲ್ಲಿ ಅನ್ನೂದು ಒಂದೀಟು ಬೊಟ್ಟಿಟ್ಟು ತೋರ್ಸರಿ.”

ಸುಹಾಸಿನಿ ಮಂಚದ ಮೇಲೆ ಕುಳಿತು, ಮುದುಕಿಯ ಕುಬಸದ ಕೆಳಗೆ ಬೆನ್ನುಮೂಳೆಯ ಮೇಲೆ ಬೆರಳಿಟ್ಟು, “ಚುಚ್ಚತಾರ. ಸೂಜಿಲೆ, ಇಲ್ಲೆ,” ಎಂದಳು.