ಬೆಂಕಿಯಿಂದ ದೂರ ಚುಚ್ಚಿದ ಕಡ್ಡಿ

ಹುಣಸೂರಿನ ಬೈಪಾಸ್ ಬದಿಯ ಗ್ಯಾರೇಜುಗಳಲ್ಲಿ ನಸೀರನಷ್ಟು ಕೆಟ್ಟ ಬಾಯಿಯವನು ಇನ್ನೊಬ್ಬನಿಲ್ಲ. ಗಿರಾಕಿ ಗಾಡಿ ನಿಲ್ಲಿಸಿ ಇಳಿಯುವ ಮೊದಲೇ ‘ಯಾವನ್ ಮುಟ್ಟಿದ್ದ ಇದ್ನ?’ ಅಂತ ಕೇಳುತ್ತಾನೆ. ಕೂರಲು ಸ್ಟೂಲು ಕೊಡುವುದಿಲ್ಲ. ಬೇರೆ ಮೆಕ್ಯಾನಿಕ್ ಮಾಡಿದ ಕೆಲಸ ಕಂಡರೆ ಆ ಮೆಕ್ಯಾನಿಕ್ಕಿನ ವಂಶವನ್ನೆಲ್ಲ ಜಾಲಾಡುತ್ತಾನೆ. ಮನೆಯಲ್ಲೂ ಹಾಗೇ ಎಂದು ಅವನ ಹೆಂಡತಿ ಜಮೀಲುನ್ನೀಸಾ ಹೇಳುತ್ತಾರೆ. ದೂರುವ ದನಿಯಲ್ಲೇನೂ ಅಲ್ಲ, ಇವತ್ತು ಮೋಡ ಇದೆ ಅಂದಂತೆ.

ಅವನ ಅಪ್ಪ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಬಿಗಿಯುತ್ತಿದ್ದವರು. ಗಾಡಿಗಳು ಕಡಿಮೆಯಾದವು, ಕುಲುಮೆ ಆರಿತು. ಮಗ ಮೈಸೂರಿನ ಒಂದು ಶೆಡ್ಡಿನಲ್ಲಿ ಬೈಸಿಕೊಂಡು ಎಂಜಿನ್ನಿಗೆ ಡೀಸೆಲ್ ಊಡುವ ಪಂಪಿನ ಕೆಲಸ ಕಲಿತ. ಆ ಬೈಗುಳವನ್ನೂ ಜೊತೆಗೆ ತಂದ. ಟರ್ಬೊ ಅಂದರೆ ಅವನಿಗೆ ಹುಚ್ಚು. ಎಂಜಿನ್ ಉಗುಳುವ ಬಿಸಿ ಹೊಗೆಯ ಬಲದಲ್ಲೇ ಗಿರಗಿರ ತಿರುಗಿ, ಅದೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಬಸವನಹುಳದಾಕಾರದ ಯಂತ್ರ ಅದು. ಕೇರಳದ ಲಾರಿಯವರು ಕೂಡ ಅದಕ್ಕಾಗಿ ಅವನನ್ನು ಹುಡುಕಿಕೊಂಡು ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು.

ಇಂಥವನನ್ನು ನಮ್ಮ ತಾಲ್ಲೂಕು ಕಳೆದ ವರ್ಷ ಹೇಗೆ ಹುರಿದು ಮುಕ್ಕಿತು ಅನ್ನುವುದನ್ನು ಬರೆಯದೆ ಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ. ಅವನೇನು ಪಾಪದವನಲ್ಲ. ಅದನ್ನೂ ಬರೆಯುತ್ತೇನೆ.

ಹನಗೋಡಿನ ಮಹದೇವಪ್ಪ ಶುಂಠಿ ಬೆಳೆಯುತ್ತಾರೆ, ಹೊಗೆಸೊಪ್ಪು ಬೆಳೆಯುತ್ತಾರೆ, ಒಂದು ಹಳೆಯ ಲಾರಿ ಇಟ್ಟಿದ್ದಾರೆ. ಆ ಲಾರಿ ಶುಂಠಿ ಹೊತ್ತು ಮಾಕುಟ್ಟದ ಘಾಟಿಯಲ್ಲಿ ಕಣ್ಣೂರಿನ ಕಡೆ ಇಳಿಯುತ್ತದೆ. ಬರುವಾಗ ಕೆಂಪು ಜಂಬಿಟ್ಟಿಗೆ ಕಲ್ಲು ತುಂಬಿಕೊಂಡು ಅದೇ ಘಾಟಿ ಹತ್ತುತ್ತದೆ. ಹತ್ತುವಾಗ ಏದುಸಿರು ಬಿಡುತ್ತದೆಂದು ಮಹದೇವಪ್ಪ ಎಲ್ಲೋ ಪಂಪ್ ತಿರುಗಿಸಿ ಹೆಚ್ಚು ಡೀಸೆಲ್ ಹೋಗುವಂತೆ ಮಾಡಿಸಿಕೊಂಡರು. ಹೆಚ್ಚು ಡೀಸೆಲ್ ಅಂದರೆ ಹೆಚ್ಚು ಬೆಂಕಿ. ಬೆಂಕಿ ಮಿತಿ ಮೀರಿದರೆ ಒಳಗಿನ ಪಿಸ್ಟನ್ ಬೆಲ್ಲದ ಅಚ್ಚಿನ ಹಾಗೆ ಕರಗುತ್ತದೆ. ನಸೀರ್ ಒಮ್ಮೆ ಹೊಗೆಯ ಬಣ್ಣ ನೋಡಿಯೇ ರೇಗಿ, ಒಂದೋ ಪಂಪ್ ಇಳಿಸಿ, ಇಲ್ಲವೇ ಹೊಗೆಯ ಬಿಸಿ ತೋರಿಸುವ ಮೀಟರ್ ಹಾಕಿಸಿ ಅಂದಿದ್ದ. ಮಹದೇವಪ್ಪ ಪಂಪ್ ಇಳಿಸಲು ಒಪ್ಪಲಿಲ್ಲ. ಮಗ ಶರತ್‌ನ ಫೋನಿನಲ್ಲಿ ಮೀಟರ್ ತರಿಸಿದರು. ಕ್ಯಾಬಿನ್‌ನಲ್ಲಿ ಕೂರಿಸಲು ಒಂದು ಮುಳ್ಳಿನ ಡಯಲ್, ಹೊಗೆಯ ದಾರಿಯಲ್ಲಿ ಚುಚ್ಚಲು ಪೆನ್ಸಿಲ್ಲಿಗಿಂತ ಸಣ್ಣ ಒಂದು ಉಕ್ಕಿನ ಕಡ್ಡಿ, ನಡುವೆ ವೈರು.

ಆ ಕಡ್ಡಿ ಚುಚ್ಚಬೇಕಾದ ಜಾಗ ಒಂದೇ. ಎಂಜಿನ್ನಿನಿಂದ ಹೊಗೆ ಹೊರಬಿದ್ದ ಕೂಡಲೇ ಸೇರುವ ದಪ್ಪ ಎರಕದ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಟರ್ಬೊಗಿಂತ ಮೊದಲು. ಅದನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಡ್ರಿಲ್ಲಿಗೆ ಗ್ರೀಸ್ ಮೆತ್ತಿ ಕೊರೆದು, ಕಡ್ಡಿ ತಿರುಪಿ ಕೂರಲು ತೂತಿಗೆ ಸ್ಕ್ರೂ ಮರೆ ಹಾಕಿ, ಒಂದು ಚೂರೂ ಉಳಿಯದಂತೆ ತೊಳೆದು ಕೂರಿಸಬೇಕು. ಕಬ್ಬಿಣದ ಚೂರು ಉಳಿದರೆ ಟರ್ಬೊದ ಎಲೆಗಳನ್ನು ಕಡಿದುಹಾಕುತ್ತದೆ. ಟರ್ಬೊ ದಾಟಿದ ಮೇಲೆ ಹೊಗೆ ತಣ್ಣಗಾಗಿಬಿಟ್ಟಿರುತ್ತದೆ. ಅಲ್ಲಿ ಚುಚ್ಚಿದರೆ ಮುಳ್ಳು ನೂರಿನ್ನೂರು ಡಿಗ್ರಿ ಕಡಿಮೆ ತೋರಿಸುತ್ತದೆ.

ನಸೀರ್ ಸ್ಪ್ಯಾನರ್ ಹಿಡಿದು ಮ್ಯಾನಿಫೋಲ್ಡಿನ ಬೋಲ್ಟಿಗೆ ಕೈ ಹಾಕಿದ್ದ. ಮಹದೇವಪ್ಪ ತಡೆದರು. ಅವರ ಪಕ್ಕದಲ್ಲಿ ಪೇಟೆಗೆಂದು ಜೊತೆ ಬಂದಿದ್ದ ಹೆಂಡತಿ ಸುನಂದಮ್ಮ ಇದ್ದರು.

‘ಬ್ಯಾರನ್ ಒಳಗೆ ಬೆಂಕಿ ಪೈಪಿನ ಮಗ್ಗುಲಲ್ಲಿ ಯಾರಾದ್ರೂ ಥರ್ಮಾಮೀಟರ್ ಕಟ್ಟಾರಾ ಸಾಬ್ರೆ? ಸುಳ್ಳು ಯೋಳ್ತದೆ ಅದು. ಪೈಪಿಂದ ದೂರ, ಸೊಪ್ಪಿರೋ ಮಟ್ಟಕ್ಕೆ ಕಟ್ಬೇಕು. ಬೆಂಕಿ ಇಚಾರ ನನ್ಗೆ ಯೋಳ್ಕೊಡಬ್ಯಾಡಿ.’

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಅದು ಸತ್ಯ. ಅಲ್ಲಿ ತಿಳಿಯಬೇಕಾದ್ದು ಎಲೆಗೆ ತಾಗುವ ಶಾಖ. ನೆಲದ ಮೇಲೆ ಕೆಂಪಗಾಗುವ ತಗಡಿನ ಕೊಳವೆಯ ಶಾಖ ಕಟ್ಟಿಕೊಂಡು ಏನಾಗಬೇಕು? ಹುಣಸೂರು, ಪಿರಿಯಾಪಟ್ಟಣದಲ್ಲಿ ಸೊಪ್ಪು ಬೇಯಿಸುವ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಲಾರಿಯೊಳಗೆ ಕರಗುವುದು ಎಲೆಯಲ್ಲ, ಪಿಸ್ಟನ್. ಅದು ಇರುವುದು ಬೆಂಕಿಯ ಬಾಯಲ್ಲೇ. ನಸೀರ್ ಅಷ್ಟನ್ನು ಹೇಳಿದ. ಜೋರಾಗಿಯೇ ಹೇಳಿದ. ಮಹದೇವಪ್ಪ ಒಂದೇ ಮಾತು ಅಂದರು, ಆಗಲ್ಲ ಅಂದ್ರೆ ಬುಡಿ, ಪಿರಿಯಾಪಟ್ಟಣದಲ್ಲಿ ನೀಲಕಂಠಸ್ವಾಮಿ ಇದ್ದಾನೆ.

ಬೇರೆ ವರ್ಷವಾಗಿದ್ದರೆ ನಸೀರ್ ಗಾಡಿಯನ್ನು ಹೊರಗಟ್ಟುತ್ತಿದ್ದ. ಆ ವರ್ಷ ‘ಅವರ ಹತ್ತಿರ ವ್ಯಾಪಾರ ಬೇಡ’ ಅನ್ನುವ ಚೀಟಿ, ಅವರು ಅಂದರೆ ಮುಸ್ಲಿಮರು, ಯಾರೋ ಹೇಡಿಗಳು ಅಂಗಡಿ ಬಾಗಿಲಿಗೆ ತೂರಿಸಿ ಹೋಗಿದ್ದರು. ಹಳ್ಳಿ ಕಡೆಯ ಗಾಡಿಗಳು ಒಂದೊಂದಾಗಿ ಅವನ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದ್ದವು. ಹನಗೋಡಿನಿಂದ ಇನ್ನೂ ಬರುತ್ತಿದ್ದ ದೊಡ್ಡ ಗಿರಾಕಿ ಮಹದೇವಪ್ಪ ಒಬ್ಬರೇ. ಅವರು ಹೋದರೆ ಅವರ ಹಿಂದೆ ಊರೇ ಹೋಗುತ್ತದೆ. ನಸೀರ್ ಸ್ಪ್ಯಾನರ್ ಕೆಳಗಿಟ್ಟ. ಟರ್ಬೊ ದಾಟಿದ ಸೈಲೆನ್ಸರ್ ಪೈಪಿಗೆ ತೂತು ಕೊರೆದು, ಅಲ್ಲಿ ಕಡ್ಡಿ ಚುಚ್ಚಿ ಬಿಗಿದ. ಬೈಯಲಿಲ್ಲ ಕೂಡ. ಅವನು ಬೈಯದ ದಿನವೇ ನನಗೆ ಅವನ ಮೇಲೆ ಸಿಟ್ಟು.

ಮುಂದೆ ಆದದ್ದು ಆಗಲೇಬೇಕಿತ್ತು. ಡ್ರೈವರ್ ಸುನೀಲ್ಕುಮಾರ್ ಕೆಂಪು ಕಲ್ಲು ತುಂಬಿಕೊಂಡು ಮಾಕುಟ್ಟ ಹತ್ತುತ್ತಿದ್ದ. ಆರುನೂರೈವತ್ತು ಡಿಗ್ರಿ ದಾಟಿಸಬೇಡ ಎಂದು ಅವನಿಗೆ ಹೇಳಿದ್ದರು. ಮುಳ್ಳು ಐನೂರರ ಆಸುಪಾಸಿನಲ್ಲಿ ತಣ್ಣಗೆ ಕೂತಿತ್ತು. ಮುಳ್ಳು ನಂಬಿ ಅವನು ತುಳಿದ, ತಿರುವಿನಿಂದ ತಿರುವಿಗೆ ಇನ್ನೂ ತುಳಿದ. ಪೆರುಂಬಾಡಿ ಮುಟ್ಟುವ ಮೊದಲೇ ಎಂಜಿನ್ ಕುಟ್ಟತೊಡಗಿ, ಹೊಗೆ ಮುಚ್ಚಿಕೊಂಡು, ಲಾರಿ ಏರಿನಲ್ಲೇ ನಿಂತಿತು. ಅವನು ಚಕ್ರಕ್ಕೆ ಅಡ್ಡ ಕೊಡಲು ಇಳಿಯುವಷ್ಟರಲ್ಲಿ ಲಾರಿ ಹಿಂದಕ್ಕೆ ಜಾರಿತ್ತಂತೆ. ಹಿಂದೆ ಬಸ್ಸು ಬರುತ್ತಿದ್ದರೆ? ಈ ಪ್ರಶ್ನೆಯನ್ನು ನಾನು ಮಹದೇವಪ್ಪನವರಿಗೂ ಕೇಳಿದ್ದೇನೆ, ನಸೀರನಿಗೂ ಕೇಳಿದ್ದೇನೆ.

ಲಾರಿಯನ್ನು ಎಳೆದು ತಂದು ನೀಲಕಂಠಸ್ವಾಮಿಯ ಶೆಡ್ಡಿಗೆ ಹಾಕಿದರು. ಇನ್ನೂ ಒಂದು ನಟ್ಟೂ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಹನಗೋಡಿನ ಟೀ ಅಂಗಡಿಯಲ್ಲಿ ಕೂತು ಮಹದೇವಪ್ಪ, ಸಾಬ್ರು ಕೊರೆಯುವಾಗ ಒಳಗೆ ಕಬ್ಬಿಣದ ಚೂರು ಬಿಟ್ಟರು ಅಂದರು. ಸಂಜೆಗೆ ಅದು ಫೋನುಗಳಲ್ಲಿ ಹರಿಯತೊಡಗಿತು. ‘ಬಿಟ್ಟರು’ ಎಂಬುದು ‘ಬೇಕಂತಲೇ ಹಾಕಿದರು’ ಆಗಿತ್ತು. ಕೆ.ಆರ್. ನಗರಕ್ಕೆ ಹೋಯಿತು, ಎಚ್.ಡಿ. ಕೋಟೆಗೆ ಹೋಯಿತು. ನನಗೂ ಬಂತು; ಕಳಿಸಿದವರು ನಿವೃತ್ತ ಮೇಷ್ಟ್ರು. ನಸೀರ್ ಕಡೆಯಿಂದ ಅರ್ಧ ಕೆಲಸವಾಗಿದ್ದ ಒಂದು ಟ್ರ್ಯಾಕ್ಟರನ್ನು ಅದರ ಯಜಮಾನ ಬಿಚ್ಚಿದ ಸ್ಥಿತಿಯಲ್ಲೇ ಟ್ರಾಲಿಗೆ ಹೇರಿಕೊಂಡು ಹೋದ. ಇನ್ನು ಆ ಶೆಡ್ಡು ಉಳಿಯಬೇಕಾದರೆ ಎಂಜಿನ್ನೇ ಬಾಯಿಬಿಡಬೇಕಿತ್ತು.

ನಸೀರ್ ಯಾರೂ ಕರೆಯದೆ ಪಿರಿಯಾಪಟ್ಟಣಕ್ಕೆ ಹೋದ. ಬಿಚ್ಚುವುದಾದರೆ ನನ್ನ ಕಣ್ಣೆದುರು ಬಿಚ್ಚಿ ಅಂದ. ಮಹದೇವಪ್ಪ, ಸುನಂದಮ್ಮ, ಸುನೀಲ್ಕುಮಾರ್ ಎಲ್ಲ ಇದ್ದರು. ನೀಲಕಂಠಸ್ವಾಮಿ ಮಾತು ಕಡಿಮೆಯ ಮನುಷ್ಯ, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ತೆಗೆದ. ಎರಡು ಪಿಸ್ಟನ್‌ಗಳ ನೆತ್ತಿ ಕರಗಿ ಕುಳಿಬಿದ್ದಿತ್ತು. ಆಮೇಲೆ ಮ್ಯಾನಿಫೋಲ್ಡ್ ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ಸುತ್ತ ತಿರುಗಿಸಿದ. ಒಂದೂ ತೂತಿಲ್ಲ. ಕೊರೆದದ್ದೆಲ್ಲ ಟರ್ಬೊದ ಆಚೆ, ಚೂರು ಬಿದ್ದರೂ ಸೈಲೆನ್ಸರ್ ಬಾಯಿಂದ ಹೊರಗೆ ಹೋಗುವ ಜಾಗದಲ್ಲಿ.

‘ಚೂರು ಎಲ್ಲಿಂದ ಬರ್ತದೆ ಮಾದೇವಪ್ಪೋರೆ? ಈ ಕಡೆ ಕೊರ್ದೇ ಇಲ್ವಲ್ಲ. ಇದು ಬಿಸಿಗೆ ಹೋಗಿರೋದು,’ ಅಂದ ನೀಲಕಂಠಸ್ವಾಮಿ.

ಇಲ್ಲಿಗೆ ಮುಗಿಯಬೇಕಿತ್ತು. ಮಹದೇವಪ್ಪ ತಕ್ಷಣ ಮಾತು ತಿರುಗಿಸಿದರು. ಹಾಗಾದರೆ ಈ ಕಡೆ ಯಾಕೆ ಕೊರೆಯಲಿಲ್ಲ, ಕೊರೆಯಬೇಕಾದ ಜಾಗ ಇದೇ ಅಲ್ಲವಾ, ಮೆಕ್ಯಾನಿಕ್ ಯಾರು ನಾನಾ ಅವರಾ ಎಂದು ನಸೀರನ ಮುಖಕ್ಕೇ ಕೇಳಿದರು.

‘ದೂರ ಕಟ್ಟು ಅಂದೋರು ನೀವು.’

‘ನಾನ್ಯಾಕೆ ಅನ್ಲಿ? ನನ್ಗೇನ್ ಗೊತ್ತು ಎಂಜಿನ್ ಇಚಾರ?’

ಮೀಟರ್ ಕೂರಿಸಿದ ದಿನ ಹುಣಸೂರಿನಲ್ಲಿ ಆ ಮಾತು ಕೇಳಿಸಿಕೊಂಡಿದ್ದವರು ಮೂವರೇ: ಆಡಿದವರು, ಕೊರೆದವನು, ಮತ್ತು ಸುನಂದಮ್ಮ. ಅವರು ಸೆರಗು ಬಿಗಿಮಾಡಿಕೊಂಡು ಎದ್ದರು. ಒಂದು ವಿಷಯ ನಿಮಗೆ ಗೊತ್ತಿರಲಿ: ಮಹದೇವಪ್ಪ ಎಷ್ಟೇ ಮೀಸೆ ತಿರುವಲಿ, ಆ ಮನೆಯ ಬ್ಯಾರನ್ನಿಗೆ ಸೌದೆ ಒಟ್ಟುವವರು, ಕಿಂಡಿಯಲ್ಲಿ ಇಣುಕಿ ಶಾಖ ನೋಡುವವರು ಸುನಂದಮ್ಮನೇ.

‘ನೀವೇ ಅಂದ್ರಿ. ಬ್ಯಾರನ್ ಇಚಾರ ತಗ್ದು ನೀವೇ ಅಂದ್ರಿ, ನಾನು ಮಗ್ಗುಲಲ್ಲೇ ಇದ್ದೆ. ಈಗ ಇಲ್ಲ ಅಂದ್ರೆ ಆಯ್ತದಾ?’ ಅಂದರು. ಆಮೇಲೆ ನಸೀರನ ಕಡೆ ತಿರುಗಿದರು. ‘ನೀವೂ ಕೇಳಿ ನಸೀರಣ್ಣ. ಇಪ್ಪತ್ತು ವರ್ಷದಿಂದ ಸೊಪ್ಪು ಬೇಯಿಸ್ತಾ ಇವ್ನಿ, ಇವರ ಮಾತು ಕೇಳಿ ಒಂದ್ಸಲಾನೂ ಬೆಂಕಿ ಹಾಕಿಲ್ಲ ನಾನು. ಹಾಕಿದ್ರೆ ಬ್ಯಾರನ್ ಯಾವಾಗ್ಲೋ ಉರ್ದೋಗಿರೋದು. ನಿಮ್ಗೆ ಗೊತ್ತಿತ್ತಲ್ಲ, ನೀವ್ಯಾಕೆ ಕೇಳುದ್ರಿ? ಈ ಹುಡ್ಗ ಸತ್ತೋಗಿದ್ರೆ?’

ನಸೀರ್ ಸುನೀಲ್ಕುಮಾರನ ಕಡೆ ನೋಡಿದ. ‘ತಪ್ಪಾಯ್ತು ಸುನಂದಕ್ಕ’ ಅಂದ, ಹೇಳಿದ್ದು ಮಹದೇವಪ್ಪನವರಿಗಲ್ಲ.

ಹೊಸ ಪಿಸ್ಟನ್ ಬಂದ ಮೇಲೆ ನೀಲಕಂಠಸ್ವಾಮಿ ತೂತು ಕೊರೆಯಲು ನಸೀರನನ್ನೇ ಕರೆಸಿದ. ನಸೀರ್ ಪಂಪನ್ನು ಮೊದಲಿನಂತೆ ಇಳಿಸಿ ಸೀಲ್ ಹಾಕಿದ, ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಮ್ಯಾನಿಫೋಲ್ಡನ್ನು ಬೆಂಚಿಗೆ ಬಿಗಿದು, ಗ್ರೀಸ್ ಮೆತ್ತಿ ನಿಧಾನವಾಗಿ ಕೊರೆದ. ಮಹದೇವಪ್ಪ ಪಕ್ಕದಲ್ಲಿ ನಿಂತು ನೋಡಿದರು. ಕಡ್ಡಿ ಕೂರಿಸಿದ ಮೇಲೆ ನಸೀರ್ ಯಜಮಾನರನ್ನು ಬಿಟ್ಟು ಡ್ರೈವರಿಗೆ ಹೇಳಿದ: ‘ಮುಳ್ಳು ಆರ್ನೂರೈವತ್ತಕ್ಕೆ ಬಂದ್ರೆ ಗೇರ್ ಇಳ್ಸು, ಕಾಲ್ ತೆಗಿ. ಓನರ್ ಫೋನ್ ಮಾಡಿ ಓಡ್ಸು ಅಂದ್ರೆ ಫೋನ್ ಆಫ್ ಮಾಡು ಕಣ್ಲಾ.’

ಲಾರಿ ಈಗ ಘಾಟಿ ಹತ್ತುತ್ತಿದೆ. ನಸೀರನ ಶೆಡ್ಡಿನ ವ್ಯಾಪಾರ ಮಾತ್ರ ಮೇಲೆ ಹತ್ತಿಲ್ಲ. ಸುಳ್ಳನ್ನು ನಾಲ್ಕು ತಾಲ್ಲೂಕಿಗೆ ಹಂಚಿದವರು ನಿಜವನ್ನು ಪಿರಿಯಾಪಟ್ಟಣದ ಆ ಶೆಡ್ಡಿನೊಳಗೇ ಬಿಟ್ಟು ಬಂದರು. ಮಹದೇವಪ್ಪ ಟೀ ಅಂಗಡಿಯಲ್ಲಿ ಈವರೆಗೂ ಬಾಯಿಬಿಟ್ಟಿಲ್ಲ. ನಿವೃತ್ತ ಮೇಷ್ಟ್ರು, ನಾನೇನು ಬರೆದದ್ದಲ್ಲವಲ್ಲ, ಬಂದದ್ದನ್ನು ಕಳಿಸಿದೆ ಅನ್ನುತ್ತಾರೆ. ಮಕ್ಕಳಿಗೆ ಪಾಠ ಹೇಳಿದ ಬಾಯಿ ಅದು. ನಾಚಿಕೆಯಾಗಬೇಕು.

ಮೊನ್ನೆ ಎನ್. ಬೇಗೂರಿನ ಕಡೆಯಿಂದ ಒಬ್ಬರು ಇಂಥದೇ ಮೀಟರ್ ಹಿಡಿದು ಬಂದಿದ್ದರು. ಮ್ಯಾನಿಫೋಲ್ಡ್ ಬಿಚ್ಚುವುದು ಬೇಡ, ಹೊತ್ತಾಗುತ್ತದೆ, ಪೈಪಿಗೇ ಚುಚ್ಚಿಬಿಡಿ ಅಂದರು. ಬೆಳಗಿನಿಂದ ಶೆಡ್ಡಿಗೆ ಬಂದಿದ್ದ ಗಾಡಿ ಅದೊಂದೇ. ನಸೀರ್ ಮೀಟರಿನ ಡಬ್ಬಿ ಮುಚ್ಚಿ ಅವರ ಕೈಗೇ ಇಟ್ಟ. ‘ತಿರುಗ್ಸಿ ಗಾಡಿನ’ ಅಂದ.