ತಾನಾಗಿ ತಿರುಗಿದ ಚಹಾ ಕಪ್

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ಉಳಿದವರಿಗೆ ಆಸ್ಪತ್ರೆ ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ನಡುಮನೆ. ಹೋದ ತಿಂಗಳು ಸಿಕಂದರಾಬಾದಿನಲ್ಲಿ, ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಒಂದು ಸಣ್ಣ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯ ಚಾಚಾ ನಾನು ತಂದ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಕಂದು ಟೇಪಿನ ಮೇಲೆ ಹಬ್ಬಿದ್ದ ಬಿಳಿ ಬೂಸಲು ನೋಡಿ ಲೊಚಗುಟ್ಟಿ, ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು. ಅಷ್ಟೇ. ಎಂದೋ ಮುಗಿದುಹೋದ ಒಂದು ಭಾನುವಾರದ ಮಧ್ಯಾಹ್ನ ಎದ್ದು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿತು. ನೆನಪನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಶಾಲೆಯಿಂದ ಕಾಲೇಜಿನ ತನಕ ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಮಾತಿನ ಬಿರುಕು ಹುಡುಕುವುದೇ ನನ್ನ ಕಸುಬಾಗಿತ್ತು. ನೆನಪಿಗಿಂತ ದುರ್ಬಲ ಸಾಕ್ಷಿ ಇನ್ನೊಂದಿಲ್ಲ ಎಂದು ವೇದಿಕೆಯ ಮೇಲೆ ನಿಂತು ಎಷ್ಟೋ ಸಲ ಹೇಳಿದ್ದೇನೆ. ಆದರೆ ಈಗ ನಿಮ್ಮ ಮುಂದೆ ವಾದ ಹೂಡಲು ಬಂದಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಗೆದ್ದ ಒಂದು ವಾದವನ್ನು ಹಿಂದಕ್ಕೆ ಪಡೆಯಬೇಕಾಗಿದೆ.

ನಮ್ಮ ಮನೆ ಇದೇ ಊರಿನಲ್ಲಿ, ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿತ್ತು. ಗೂಡ್ಸ್ ಗಾಡಿ ಹೋದರೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಸಣ್ಣಗೆ ನಡುಗುತ್ತಿದ್ದವು. ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಗಾಡಿಗಳ ಹೆಸರು ಕೂಗುವ ಆ ಹೆಂಗಸಿನ ದನಿ ನಮ್ಮ ಮನೆಯ ಇನ್ನೊಬ್ಬ ಸದಸ್ಯಳಂತೆ ಇಡೀ ದಿನ ಮಾತಾಡುತ್ತಿತ್ತು. ಅಪ್ಪನಿಗೆ ರಾಯಚೂರಿನಿಂದ ಇಲ್ಲಿಗೆ ವರ್ಗವಾದಾಗ ನನಗೆ ನಾಲ್ಕು ವರ್ಷ. ಅಲ್ಲಿಯವರೆಗೆ ಆ ಮನೆಯಲ್ಲಿ ಇದ್ದವರು ಅಜ್ಜಿ ಮತ್ತು ಅಪ್ಪನ ತಂಗಿ, ನನ್ನ ಅತ್ತಿ. ಅತ್ತಿ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು, ಮದುವೆಯಾಗಿರಲಿಲ್ಲ, ಎರಡೂ ಕೈಗೆ ಎರಡೆರಡು ಹಸಿರು ಗಾಜಿನ ಬಳೆ ಬಿಟ್ಟರೆ ಬೇರೆ ಸಿಂಗಾರವಿರಲಿಲ್ಲ. ಎಡಚಿ. ಊಟಕ್ಕೆ ಬಡಿಸುವಾಗ ಎಡಗೈ ಮುಂದೆ ಬಂದರೆ ಅಜ್ಜಿ ಸೌಟಿನಿಂದ ಆ ಕೈಗೊಂದು ಕೊಡುತ್ತಿದ್ದಳು. ಮನೆಯಲ್ಲಿ ಇನ್ನೊಬ್ಬರೂ ಇದ್ದರು, ಇರಲಿಲ್ಲ. ಅಪ್ಪನ ಕಿರಿಯ ತಮ್ಮ, ಶ್ಯಾಮಕಾಕಾ.

ಕಾಕಾ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಹೆಂಗಸರ ಕೋಣೆಗೆ ಹೋಗಬೇಕಾದಾಗ ಲೈಟು ಹಿಡಿಯಲು ಅತ್ತಿಯನ್ನು ಕರೆದೊಯ್ಯುತ್ತಿದ್ದ. ಕ್ಯಾಮರಾ ನಿಲ್ಲಿಸಿ ಮತ್ತೆ ಶುರು ಮಾಡುವ ನಡುವೆ ಯಾರ ಕೈಯಲ್ಲಿ ಏನಿತ್ತು, ಮಾಲೆ ಯಾವ ಭುಜಕ್ಕೆ ಜಾರಿತ್ತು ಎಂದು ನೆನಪಿಟ್ಟು ಹೇಳುವುದೂ ಅತ್ತಿಯದೇ ಕೆಲಸ. ತಪ್ಪಿದರೆ ಎರಡು ತುಂಡು ಜೋಡಿಸಿದಾಗ ಮದುಮಗಳ ಕೈಯ ತಾಟು ಮಾಯವಾಗಿ ತೆಂಗಿನಕಾಯಿ ಬಂದಿರುತ್ತದೆ. ನನಗೆ ಎರಡು ವರ್ಷವಿದ್ದಾಗ ಒಂದು ಮಧ್ಯಾಹ್ನ, ಅರ್ಧ ಕುಡಿದ ಚಹಾ ಟೀಪಾಯಿಯ ಮೇಲೆ ಬಿಟ್ಟು, “ಖಾಲಿ ಕ್ಯಾಸೆಟ್ ತಗೊಂಡ್ ಬರ್ತೀನಿ” ಎಂದು ಕಾಕಾ ಹೊರಗೆ ಹೋದ. ಕ್ಯಾಮರಾ ಮನೆಯಲ್ಲೇ ಇತ್ತು. ಅವನು ಬರಲಿಲ್ಲ. ಪೊಲೀಸರಿಗೆ ದೂರು, ಪೇಪರಿನಲ್ಲಿ ಫೋಟೊ, ಶಂಶಾಬಾದ್ ರಸ್ತೆಯಲ್ಲಿ ಅವನಂಥವನೊಬ್ಬನನ್ನು ಕಂಡೆವೆಂದು ಹೇಳಿದವರು, ಎಲ್ಲ ಆಯಿತು. ಹೆಣವೂ ಸಿಗಲಿಲ್ಲ, ಪತ್ರವೂ ಬರಲಿಲ್ಲ.

ಇದೆಲ್ಲ ನನಗೆ ಕತೆ. ನನಗೆ ನಿಜವಾಗಿದ್ದದ್ದು ಭಾನುವಾರ. ಊಟವಾದ ಮೇಲೆ ಅತ್ತಿ ವಿಸಿಆರ್‌ನ ಮುಚ್ಚಳ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಅದ್ದಿ ಒಳಗಿನದನ್ನು ಹಗುರಾಗಿ ಒರೆಸುತ್ತಿದ್ದಳು. ಸಿನಿಮಾ ಹಾಕಿ, ಚಾಪೆಯ ಮೇಲೆ ನಾವಿಬ್ಬರೂ ಬೇಟೆಗಾರರಂತೆ ಮಂಡಿಯೂರಿ ಕೂರುತ್ತಿದ್ದೆವು. ಅಜ್ಜಿಗೆ ಬೇಕಾದದ್ದು ಕತೆ, ನಮಗೆ ಬೇಕಾದದ್ದು ತಪ್ಪು. ನಾಯಕಿಯ ಮುಡಿಯ ಹೂವು ಬಲದಿಂದ ಎಡಕ್ಕೆ ಹಾರಿದ್ದು, ಮಳೆಯಲ್ಲಿ ತೊಯ್ದವನ ಅಂಗಿ ಬಾಗಿಲು ದಾಟುವಷ್ಟರಲ್ಲಿ ಒಣಗಿದ್ದು, ರಾಜನ ಮುಂಗೈಯಲ್ಲಿ ಗಡಿಯಾರ ಕಟ್ಟಿದ ಬಿಳಿ ಗುರುತು. ಸಿಕ್ಕದ್ದನ್ನೆಲ್ಲ ನಾನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಒಮ್ಮೆ ನಾಯಕನ ತಾಯಿ ಸತ್ತು ಮಲಗಿದ್ದಳು, ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅತ್ತಿ, ನಿಲ್ಸು! ಹೊಟ್ಟಿ ನೋಡು, ಉಸರಾಡಾಕತ್ಯಾಳ!”

“ಹೌದಲ್ಲ! ಸತ್ತಾಕಿಗೆ ದಮ್ ಬ್ಯಾರೆ ಹತ್ತೈತಿ.”

“ಸುಮ್ಕ ಕೂಡ್ರಿ ವಕೀಲ್ರ,” ಎಂದಳು ಅಜ್ಜಿ. ನನ್ನನ್ನು ಅವಳು ಹಾಗೆಯೇ ಕರೆಯುತ್ತಿದ್ದಳು. “ಒಂದ್ ಗಳಿಗಿ ಅಳಾಕರ ಬಿಡ್ರಿ. ಸತ್ತಾರಂದ್ರ ಸತ್ತಾರ ಅಂತ ಅಳಬಹುದು. ಅದೂ ಒಂದ್ ಪುಣ್ಯ.”

ಅತ್ತಿಯ ನಗು ಅಲ್ಲಿಗೇ ನಿಂತುಹೋಯಿತು. ಆ ಮಾತಿನ ಅರ್ಥ ನನಗೆ ಅವತ್ತು ಆಗಲಿಲ್ಲ.

ತಿಂಗಳಿಗೊಮ್ಮೆ, ಸಿನಿಮಾ ಮುಗಿದ ಮೇಲೆ, ಅಜ್ಜಿ ಕಾಕಾನ ಕ್ಯಾಸೆಟ್ ಹಾಕಿಸುತ್ತಿದ್ದಳು. ಅದರಲ್ಲಿದ್ದದ್ದು ಹತ್ತೇ ನಿಮಿಷ. ಹೋದ ದಿನ, ರಿಪೇರಿಯಾಗಿ ಬಂದ ಕ್ಯಾಮರಾ ಸರಿಯಿದೆಯೋ ನೋಡಲೆಂದು ಅವನು ಮನೆಯಲ್ಲೇ ತೆಗೆದದ್ದು. ಮೊದಲ ಆರು ನಿಮಿಷ ಗಲಾಟೆ: ಅಜ್ಜಿ ಹಪ್ಪಳದ ಹಿಟ್ಟಿನ ಕೈ ಬೀಸಿ ಬೈಯುತ್ತಾಳೆ, ಅತ್ತಿ ಮುಖ ಮುಚ್ಚಿಕೊಳ್ಳುತ್ತಾಳೆ, ಕಾಕಾ ನಗುತ್ತಾನೆ, ನಗು ಕೇಳುತ್ತದೆ, ಅವನು ಕಾಣುವುದಿಲ್ಲ. ಆಮೇಲೆ ಚಿತ್ರ ಒಮ್ಮೆ ಹಾರಿ, ನಾಲ್ಕು ನಿಮಿಷ ಬರೀ ಮನೆ. ಯಾರೂ ಇಲ್ಲ. ಕ್ಯಾಮರಾ ಒಂದೊಂದೇ ಸಾಮಾನಿನ ಮುಂದೆ ನಿಂತು ನಿಂತು ಹೋಗುತ್ತದೆ: ಗೂಟದ ಮೇಲಿನ ಚೌಕಳಿ ಅಂಗಿ, ಕನ್ನಡಿಯ ಕೆಳಗಿನ ಬಾಚಣಿಗೆ, ಹೊಸ್ತಿಲ ಬಳಿಯ ಹಳೆಯ ಚಪ್ಪಲಿ. ಮುಂಬಾಗಿಲ ಎದುರು ಬಹಳ ಹೊತ್ತು ನಿಲ್ಲುತ್ತದೆ. ಕೊನೆಗೆ ಟೀಪಾಯಿಯ ಮೇಲಿನ ಅರ್ಧ ಚಹಾದ ಕಪ್, ಪರದೆಯ ಎಡ ಅಂಚಿಗೆ, ಮುಕ್ಕಾಲು ಮಾತ್ರ ಕಾಣುವಂತೆ. ಅದರ ಮೇಲೊಂದು ಕೆಂಪು ಹೂವಿನ ಚಿತ್ರ. ನೋಡನೋಡುತ್ತಿದ್ದಂತೆ ಆ ಹೂವು ನಿಧಾನವಾಗಿ ಪಕ್ಕಕ್ಕೆ ಸರಿದು ಮರೆಯಾಗುತ್ತದೆ, ಅಲ್ಲಿಯವರೆಗೆ ಕಾಣದಿದ್ದ ಹಿಡಿಕೆ ಬಲಗಡೆಗೆ ಬಂದು ನಿಲ್ಲುತ್ತದೆ. ಕಪ್ ತಾನಾಗಿ ತಿರುಗುತ್ತದೆ. ಅಲ್ಲಿಗೆ ಟೇಪು ಮುಗಿಯುತ್ತದೆ. ಆ ನಾಲ್ಕು ನಿಮಿಷವೂ ಸ್ಪೀಕರಿನಿಂದ ಒಂದು ಸುಯ್ಯೆನ್ನುವ ಸದ್ದು. “ಅಂವನ ಉಸರು ಅದು,” ಎನ್ನುತ್ತಿದ್ದಳು ಅಜ್ಜಿ. ನಾನು ಮಾತ್ರ ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಒಂದೇ ಉತ್ತರ ಬರೆದಿದ್ದೆ: ಟೇಪಿನ ದೋಷ. ಬರೆದೆನೇ ಹೊರತು, ಆ ಕಪ್ ಇದ್ದ ಗಾಜಿನ ಕಪಾಟಿನ ಮುಂದೆ ಒಬ್ಬಳೇ ಹಾಯುವಾಗ ನನ್ನ ಹೆಜ್ಜೆ ತಾನಾಗಿ ಜೋರಾಗುತ್ತಿತ್ತು.

ಹನ್ನೊಂದನೇ ವರ್ಷದಲ್ಲಿ ನನಗೆ ಶಾಲೆಯ ಚರ್ಚೆಯಲ್ಲಿ ಮೊದಲ ಬಹುಮಾನ ಬಂತು. ಗೆದ್ದ ಅಮಲು ಇನ್ನೂ ಇಳಿಯದ ಒಂದು ಭಾನುವಾರ ಕಾಕಾನ ಕ್ಯಾಸೆಟ್ ನೋಡುತ್ತಿದ್ದಾಗ, ಖಾಲಿ ಮನೆಯ ಭಾಗದಲ್ಲಿ, ಗೋಡೆಯ ಕ್ಯಾಲೆಂಡರು ಪರದೆಯ ಮೇಲೆ ಸರಿದು ಹೋಯಿತು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ನಾನು ನಿಲ್ಲಿಸಿದೆ. ಚಿತ್ರ ನಡುಗುತ್ತಿತ್ತು, ಆದರೂ ಅಂಕಿ ಓದಬಹುದಿತ್ತು. ಹದಿನೇಳು. ಹಿಂದಕ್ಕೆ ತಿರುಗಿಸಿ ಮೊದಲ ಭಾಗದಲ್ಲಿ ನೋಡಿದೆ. ಹನ್ನೆರಡು. ಕಾಕಾ ಹೋದದ್ದು ಹನ್ನೆರಡಕ್ಕೆ. ಅದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಕೂಗಿಬಿಟ್ಟೆ. ಹೆದರಿಕೆಗೋ ಹೆಮ್ಮೆಗೋ ಇವತ್ತಿಗೂ ಹೇಳಲಾರೆ.

“ಅಜ್ಜಿ, ಕಾಕಾ ವಾಪಸ್ ಬಂದಿದ್ದ! ಹೋಗಿ ಐದ್ ದಿನಕ್ಕ ಬಂದು ಈ ಮನಿ ವಿಡಿಯೊ ತಗದಾನ!”

ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. ಟೀವಿಯ ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ಆ ಹದಿನೇಳನ್ನು ಬೆರಳಿನಿಂದ ಮುಟ್ಟಿದಳು. ಅವಳ ಮುಖದಲ್ಲಿ ಅವತ್ತು ಹತ್ತಿದ ಬೆಳಕನ್ನು ನಾನು ಬಣ್ಣಿಸಲು ಹೋಗುವುದಿಲ್ಲ. ನಾನಂತೂ ಗೆಲುವನ್ನು ಗಟ್ಟಿ ಮಾಡಿಕೊಳ್ಳಬೇಕಿತ್ತು, ಸಾಕ್ಷಿಗಳನ್ನು ಕರೆದೆ.

“ಅಜ್ಜಿ, ಹದಿನೇಳಕ್ಕ ನೀ ಎಲ್ಲಿದ್ದಿ?”

“ನಿಮ್ಮನ್ಯಾಗ, ರಾಯಚೂರಾಗ. ಅಲ್ಲಿಗೆ ಬಂದಾನೇನೋ ಅಂತ ಹುಡಿಕ್ಕೋತ ಬಂದಿದ್ನಲ್ಲವಾ.”

“ವಿಡಿಯೊದಾಗಿನ ಗಡಿಯಾರದಾಗ ಎರಡೂವರಿ ಆಗೈತಿ. ಅತ್ತಿ, ಆ ಹೊತ್ನ್ಯಾಗ ನೀ?”

ಅತ್ತಿ ನನ್ನನ್ನು ನೋಡಲಿಲ್ಲ. ಟೀವಿಗೆ ಆತುಕೊಂಡಿದ್ದ ಅಜ್ಜಿಯ ಬೆನ್ನನ್ನು ನೋಡುತ್ತಿದ್ದಳು. ಹೊರಗೆ ಯಾವುದೋ ಗಾಡಿ ತಡವಾಗಿದೆಯೆಂದು ಆ ದನಿ ಮೂರು ಭಾಷೆಯಲ್ಲೂ ಹೇಳಿ ಮುಗಿಸಿತು.

“ಸಾಲ್ಯಾಗ,” ಎಂದಳು.

“ನಿನಗ ಕ್ಯಾಮರಾ ನಡಸಾಕ ಬರ್ತೈತೇನು?”

“ಲೈಟ್ ಹಿಡಿಯೂದು ಬಿಟ್ರ ನನಗೇನ್ ಬರ್ತೈತವಾ?”

ಮುಗಿಯಿತು. ಮನೆಯ ಇನ್ನೊಂದು ಕೀಲಿ ಕಾಕಾನ ಹತ್ತಿರವಿತ್ತು. ಉಳಿದವನು ಅವನೊಬ್ಬನೇ. ವಿಸಿಆರ್ ಬಿಚ್ಚಿ ಒರೆಸಿ ಮತ್ತೆ ಕೂಡಿಸುವ ಹೆಂಗಸು ನನ್ನ ಮುಂದೆಯೇ ಕೂತಿದ್ದಳು, ಅವಳ ಕೈಯಲ್ಲಿ ಸ್ಪಿರಿಟ್ಟಿನ ವಾಸನೆ ಇನ್ನೂ ಆರಿರಲಿಲ್ಲ. ಅದು ನನಗೆ ಕಾಣಲಿಲ್ಲ. “ಚೊಲೊ ಹುಡುಕಿದಿ,” ಎಂದು ಅತ್ತಿ ಎದ್ದು ಒಳಗೆ ಹೋದಳು. ಆಮೇಲೆ ಯಾವ ಸಿನಿಮಾದಲ್ಲೂ ಅವಳು ತಪ್ಪು ಹುಡುಕಲಿಲ್ಲ.

ಅಜ್ಜಿ ಬದುಕಿದ್ದು ಮುಂದೆ ಎರಡೇ ವರ್ಷ. ಆದರೆ ಅದಕ್ಕೂ ಹಿಂದಿನ ಒಂಬತ್ತು ವರ್ಷಕ್ಕಿಂತ ಹೆಚ್ಚು ಬದುಕಿದಳು. ಮಗ ಇದ್ದಾನೆ, ಬರುತ್ತಾನೆ, ಮುಖ ತೋರಿಸಲು ನಾಚುತ್ತಾನೆ, ಅಷ್ಟೇ. ದಿನವೂ ಮಧ್ಯಾಹ್ನ ಮುಂಬಾಗಿಲ ಚಿಲಕ ತೆಗೆಸಿ, ಆ ಹೂವಿನ ಕಪ್ಪಿನಲ್ಲಿ ಚಹಾ ಇಡಿಸುತ್ತಿದ್ದಳು. ಸಂಜೆಗೆ ಕಪ್ ಖಾಲಿಯಾಗಿರುತ್ತಿತ್ತು. ನಾನು ಒಮ್ಮೆ ಪರೀಕ್ಷೆಗೆಂದು ಚಹಾದ ಮಟ್ಟಕ್ಕೆ ಕಪ್ಪಿನ ಹೊರಗೆ ಪೆನ್ಸಿಲಿನ ಗೆರೆ ಎಳೆದೆ. ಸಂಜೆ ಆಟ ಮುಗಿಸಿ ಬಂದು ನೋಡಿದರೆ ಚಹಾವೂ ಇಲ್ಲ, ಗೆರೆಯೂ ಇಲ್ಲ, ಕಪ್ ತೊಳೆದು ಬೋರಲು ಹಾಕಿತ್ತು. ಅದು ಅತ್ತಿಯದೇ ಕೆಲಸವೆಂದು ತರ್ಕ ಹೇಳುತ್ತಿತ್ತು. ಆದರೂ ಆ ಗಲ್ಲಿಯ ಮಧ್ಯಾಹ್ನಗಳಲ್ಲಿ, ತೆರೆದ ಬಾಗಿಲಿನಿಂದ ಬಿದ್ದ ಬಿಸಿಲಿನ ಚೌಕದಲ್ಲಿ ಏನಾದರೂ ಅಲುಗಿದರೆ ನಾನು ತರ್ಕವನ್ನು ಬಿಟ್ಟು ಅಡುಗೆಮನೆಗೆ ಓಡುತ್ತಿದ್ದೆ.

ಅಜ್ಜಿಯ ಸಂತೋಷಕ್ಕೆ ಒಂದು ಮುಳ್ಳಿತ್ತು. ಅದು ಚುಚ್ಚುತ್ತಿದ್ದದ್ದು ಅತ್ತಿಯನ್ನು. “ಒಂದಿನ ಸಾಲಿ ಬಿಟ್ಟಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಬಾಗಲಾ ತಗದು ಬಂದಿತ್ತು ಕೂಸು. ಒಂದ್ ತುತ್ತು ಅನ್ನ ಹಾಕಾವ್ರಿರಲಿಲ್ಲ.” ಹಬ್ಬಕ್ಕೊಮ್ಮೆ, ಬಂದವರ ಮುಂದೊಮ್ಮೆ, ಮಲಗಿದಲ್ಲೇ ಆದ ಮೇಲೆ ದಿನಕ್ಕೊಮ್ಮೆ. ಅತ್ತಿ ಒಂದು ಸಲವೂ ಎದುರಾಡಲಿಲ್ಲ. ಕೊನೆಯ ಮಧ್ಯಾಹ್ನ ಅಜ್ಜಿ ಕೇಳಿದ್ದು ಒಂದೇ: “ಬಾಗಲಾ ತಗದೀ?” ಅತ್ತಿ ಹಣೆ ಸವರುತ್ತ ಹೇಳಿದಳು: “ತಗದೀನವ್ವಾ.”

ಮನೆ ಹೋಯಿತು. ಈಗ ಅಲ್ಲಿ ನಾಲ್ಕು ಅಂತಸ್ತಿನ ಮಳಿಗೆಗಳಿವೆ. ನಡುಮನೆಯಿದ್ದ ಕಡೆ ಲಿಫ್ಟು ಮೇಲೆ ಕೆಳಗೆ ಹೋಗುತ್ತದೆ. ನಾವು ಮಣಿಕೊಂಡದ ಫ್ಲ್ಯಾಟಿಗೆ ಬಂದೆವು, ಅತ್ತಿಯೂ ಬಂದಳು. ಅವಳ ಜತೆ ನಾನು ದೇವರಿಂದ ಹಿಡಿದು ದಾಲಿನ ಒಗ್ಗರಣೆಯವರೆಗೆ ಎಲ್ಲಕ್ಕೂ ವಾದಿಸಿದೆ, ಎಲ್ಲದರಲ್ಲೂ ಅವಳು ಸೋತುಕೊಟ್ಟಳು. ಹೋದ ವರ್ಷ ತೀರಿಕೊಂಡಳು. ಟ್ರಂಕಿನ ತಳದಲ್ಲಿ, ಹಳೆಯ ಉತ್ತರಪತ್ರಿಕೆಗಳ ಕೆಳಗೆ, ಕ್ಯಾಸೆಟ್ ಇತ್ತು.

ಚಾಚಾ ಒರೆಸಿ, ಒಣಗಿಸಿ, ಕಂಪ್ಯೂಟರಿಗೆ ಹಚ್ಚಿದರು. ಚಿತ್ರ ಮೂಡಿತು. ಏನೋ ಬೇರೆ ಥರ ಕಾಣುತ್ತಿತ್ತು. ಮನೆ ಸುತ್ತಲೂ ಒಂದಿಷ್ಟು ಅಗಲವಾದಂತೆ. ಚಾಚಾನೇ ಬಿಡಿಸಿ ಹೇಳಿದರು: “ಪುರಾನಾ ಡಬ್ಬಾ ಟೀವಿ ಕಿನಾರಾ ಖಾ ಜಾತಾ ಥಾ ಬೇಟಾ. ಇಸ್ ಮೇ ಪೂರಾ ದಿಖತಾ.” ಹಳೆಯ ಟೀವಿಗಳು ಚಿತ್ರದ ಅಂಚನ್ನು ನಾಲ್ಕೂ ಕಡೆ ತಿಂದುಬಿಡುತ್ತಿದ್ದವಂತೆ. ನಾನು ಹೆಡ್‌ಫೋನ್ ಹಾಕಿಕೊಂಡು ಕೊನೆಯ ನಾಲ್ಕು ನಿಮಿಷಕ್ಕೆ ಹೋದೆ. ಸುಯ್ಯೆನ್ನುವ ಸದ್ದು ಟೇಪಿನ ದೋಷವಾಗಿರಲಿಲ್ಲ. ಅಜ್ಜಿ ಹೇಳಿದ್ದು ನಿಜ, ಅದು ಉಸಿರು. ಬಾಗಿಲ ಎದುರು ನಿಂತಾಗ ಅದು ತಡೆತಡೆದು ಬರುತ್ತಿತ್ತು. ಆಮೇಲೆ ಟೀಪಾಯಿ, ಕಪ್. ಹಿಡಿಕೆ ಎಡಕ್ಕಿತ್ತು. ಎಡಗೈಯವರು ಇಟ್ಟರೆ ಇರುವಂತೆ. ಅಷ್ಟು ವರ್ಷ ಟೀವಿ ನುಂಗಿಟ್ಟುಕೊಂಡಿದ್ದ ಆ ಎರಡು ಬೆರಳಗಲದ ಅಂಚಿನಿಂದ ಒಂದು ಕೈ ಬಂತು. ಎರಡು ಹಸಿರು ಗಾಜಿನ ಬಳೆ.

ಅವತ್ತು ಅತ್ತಿ ಶಾಲೆಗೆ ಹೋಗಿರಲಿಲ್ಲ. ಒಬ್ಬಳೇ ಇದ್ದ ಮನೆಯಲ್ಲಿ ಅಂಗಿಯನ್ನು ಅದೇ ಗೂಟಕ್ಕೆ, ಬಾಚಣಿಗೆಯನ್ನು ಅದೇ ಜಾಗಕ್ಕೆ, ಚಹಾವನ್ನು ಅದೇ ಅರ್ಧಕ್ಕೆ ತಂದಿಟ್ಟು, ಅವನು ನಿಲ್ಲಿಸಿ ಹೋದಲ್ಲಿಂದ ಮುಂದುವರಿಸಲು ಅಣಿ ಮಾಡಿಕೊಂಡಿದ್ದಳು. ಬೆಳಿಗ್ಗೆದ್ದು ಹಾಳೆ ಹರಿಯುವ ರೂಢಿಯ ಕೈ ಮಾತ್ರ ಅವಳ ಮಾತು ಕೇಳಲಿಲ್ಲ. ಆ ಒಂದು ತಪ್ಪನ್ನು ಹಿಡಿದು ನಾನು ಸತ್ತಿರಬಹುದಾದವನನ್ನು ಮನೆಗೆ ಕರೆತಂದೆ, ಇದ್ದವಳನ್ನು ಹೊರಗೆ ಹಾಕಿದೆ. “ನಾನೇ ತಗದದ್ದು” ಎಂಬ ಎರಡು ಶಬ್ದ ಸಾಕಿತ್ತು ಅವಳಿಗೆ. ಅಜ್ಜಿಯ ಬೆನ್ನು ನೋಡಿ ಅವಳು ಅದನ್ನು ನುಂಗಿದಳು, ನನಗೆ ಮೊದಲ ಬಹುಮಾನ ಕೊಟ್ಟು ಎದ್ದುಹೋದಳು.

ಕಂಪ್ಯೂಟರಿನಲ್ಲಿ ಬಳೆಗಳ ಸದ್ದು ಕೂಡ ಕೇಳುತ್ತದೆ, ತೀರ ಸಣ್ಣಗೆ. ಕೈ ಕಪ್ಪಿನ ಎಡ ಅಂಚನ್ನಷ್ಟೇ ಬೆರಳ ತುದಿಯಿಂದ ಹಿಡಿದು, ನಿಧಾನವಾಗಿ, ಚಹಾ ತುಳುಕದ ಹಾಗೆ ತಿರುಗಿಸಿ ಹಿಡಿಕೆಯನ್ನು ಬಲಕ್ಕೆ ತರುತ್ತದೆ. ಬಲಗೈಯವನು ಬಂದು ಕೂತರೆ ನೇರ ಎತ್ತಿಕೊಳ್ಳುವ ಹಾಗೆ. ನಾನು ಅಲ್ಲಿ ನಿಲ್ಲಿಸುತ್ತೇನೆ. ಈಗ ಚಿತ್ರ ನಡುಗುವುದಿಲ್ಲ. ಕೈ ಇನ್ನೂ ಕಪ್ಪಿನ ಮೇಲೇ ಇದೆ.